ಗಾಜಿನ ಕಪಾಟಿನ ಆನೆ ಮತ್ತು ಶಿವವ್ವನಿಗೆ ಬಂದ ನೋಟೀಸು

ಬಾಲವಾಚನ ಮಂಡಳಿಯ ಮುಖ್ಯ ನಿರೀಕ್ಷಕರಿಗೆ, ಪಣಜಿ

ಮಾನ್ಯ ನಿರೀಕ್ಷಕರೇ,

ಮಕ್ಕಳ ಕಾದಂಬರಿಯೊಂದರ ಹಾಳೆ ತಿರುವಿದ ಅಪರಾಧಕ್ಕಾಗಿ, ಸಡಾ ಗುಡ್ಡದ ನಮ್ಮ ಕನ್ನಡ ವಾಚನಾಲಯದಲ್ಲಿ ಕಸ ಗುಡಿಸುವ ಶಿವವ್ವನನ್ನು ತಾವು ಕೆಲಸದಿಂದ ದೂರವಿಟ್ಟು ಇಂದಿಗೆ ಹತ್ತೊಂಬತ್ತು ದಿನ. ಹರಿದದ್ದಕ್ಕಲ್ಲ, ಕದ್ದದ್ದಕ್ಕಲ್ಲ, ತಿರುವಿದ್ದಕ್ಕೆ. ಅದೂ ದಿನಕ್ಕೆ ಒಂದೇ ಹಾಳೆ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು. ಈ ದೇಶದಲ್ಲಿ ಪುಸ್ತಕದ ಹಾಳೆ ತಿರುವಿ ಕೆಲಸ ಕಳೆದುಕೊಂಡ ಮೊದಲ ನಿರಕ್ಷರಿ ಬಹುಶಃ ಅವಳೇ ಇರಬೇಕು. ಆ ಕೀರ್ತಿಯನ್ನು ನಮ್ಮ ಗುಡ್ಡಕ್ಕೆ ದಯಪಾಲಿಸಿದ್ದಕ್ಕೆ ಮೊದಲು ಕೃತಜ್ಞತೆ ಹೇಳಿಬಿಡುತ್ತೇನೆ.

ನಾನು ಧಾರವಾಡದವಳು, ವಾಸ್ಕೋದ ಒಂದು ಕಚೇರಿಯಲ್ಲಿ ಗುಮಾಸ್ತಳು. ಸಂಜೆ ಐದೂವರೆಯ ನಂತರ ಈ ವಾಚನಾಲಯದಲ್ಲಿ ಸಂಬಳವಿಲ್ಲದೆ ಕುಳಿತುಕೊಳ್ಳುತ್ತೇನೆ. ಒಂಬತ್ತರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಹೊಸ ಕಾದಂಬರಿ ಬೇಕೆಂದು ಎರಡು ವರ್ಷ ತಮಗೆ ಅರ್ಜಿ ಬರೆದವಳೂ ನಾನೇ. ಇಲ್ಲಿಯ ಮಕ್ಕಳು ಶಾಲೆಯಲ್ಲಿ ಒಂದು ಭಾಷೆ, ಓಣಿಯಲ್ಲಿ ಇನ್ನೊಂದು, ಮನೆಯಲ್ಲಿ ಮತ್ತೊಂದು ಆಡುತ್ತಾರೆ. ನಮ್ಮಲ್ಲಿದ್ದ ಕನ್ನಡ ಪುಸ್ತಕಗಳೋ ಬೇಗ ಏಳುವುದು, ಹಲ್ಲುಜ್ಜುವುದು, ಹಿರಿಯರಿಗೆ ಎದುರಾಡದಿರುವುದು ಇವುಗಳ ಕುರಿತಾದವು. ಹನ್ನೊಂದು ವರ್ಷದ ಮೀನಾ, ಬಂದರಿನಲ್ಲಿ ಹಮಾಲಿ ಮಾಡುವ ದೇವಪ್ಪನ ಮಗಳು, ಅವನ್ನೆಲ್ಲ ಎರಡೆರಡು ಸಲ ಓದಿ ಮುಗಿಸಿ, "ಅಕ್ಕಾರ, ಎದುರಾಡೋ ಮಕ್ಕಳ ಪುಸ್ತಕ ಯಾವಾಗ ಬರ್ತಾವ್ರಿ?" ಎಂದು ಕೇಳಿದ್ದಳು.

ಬಂದವು. ಈ ಜೂನ್‌ನಲ್ಲಿ ಎಂಟು ಹೊಸ ಕಾದಂಬರಿಗಳು ಬಂದವು, ಜೊತೆಗೆ ತಮ್ಮ ಸುತ್ತೋಲೆಯೂ ಬಂತು. ಗಣ್ಯರೊಬ್ಬರು ಉದ್ಘಾಟಿಸುವವರೆಗೆ ಹೊಸ ಪುಸ್ತಕಗಳನ್ನು ಗಾಜಿನ ಕಪಾಟಿನಲ್ಲಿ ಬೀಗ ಹಾಕಿ ಇಡತಕ್ಕದ್ದು. ಮಕ್ಕಳನ್ನು ಆಕರ್ಷಿಸಲು ಒಂದನ್ನು ಕಪಾಟಿನೊಳಗೇ ವ್ಯಾಸಪೀಠದ ಮೇಲೆ ತೆರೆದಿಡತಕ್ಕದ್ದು. ಪ್ರತಿದಿನ ಧೂಳು ಒರೆಸತಕ್ಕದ್ದು. ಗಣ್ಯರ ದಿನಾಂಕ ಇನ್ನೂ ಸಿಕ್ಕಿಲ್ಲ. ಮಕ್ಕಳು ಪ್ರತಿ ವರ್ಷ ಒಂದೊಂದು ವರ್ಷ ದೊಡ್ಡವರಾಗುತ್ತಾರೆಂಬ ಸಂಗತಿ ತಮ್ಮ ಕಚೇರಿಯ ಗಮನಕ್ಕೆ ಬಂದಿದೆಯೇ? ಮೀನಾಳಿಗೆ ಮದುವೆಯಾದ ಮೇಲೆ ಕಪಾಟು ತೆರೆದರೆ ಆಕರ್ಷಿತರಾಗಬೇಕಾದವರು ಯಾರು?

ಧೂಳು ಒರೆಸಬೇಕಾಗಿದ್ದರಿಂದ ಬೀಗದ ಕೈ ಶಿವವ್ವನ ಸೊಂಟದಲ್ಲಿತ್ತು. ವ್ಯಾಸಪೀಠದ ಮೇಲಿದ್ದ ಕಾದಂಬರಿಯ ಕಥೆ ಇಷ್ಟು: ಬಂದರಿಗೆ ಬಂದ ಕಂಟೇನರಿನೊಳಗೆ ಗೌರಿ ಎಂಬ ಹುಡುಗಿಗೆ ಜೀವಂತ ಆನೆಮರಿಯೊಂದು ಸಿಗುತ್ತದೆ, ಅವಳು ಅದನ್ನು ಅಡಗಿಸಿಡುತ್ತಾಳೆ. ಮೊದಲ ದಿನ ಮಕ್ಕಳಿಗೆ ಕಂಡದ್ದು ಒಂದನೇ ಪುಟ ಮಾತ್ರ. ಮರುದಿನ ಒರೆಸುವ ಬಟ್ಟೆ ತಾಗಿ ಹಾಳೆ ಮಗುಚಿತು. ಶಿವವ್ವ ಗಾಬರಿಯಿಂದ ಹಿಂದೆ ಹಾಕಲು ಹೋದಳು.

"ಆಯಿ, ಹಂಗ ಬಿಡ! ಹಂಗ ಬಿಡ!" ಎಂದು ಮೀನಾ ಗಾಜಿಗೆ ಮೂಗು ಒತ್ತಿ ಕೂಗಿದಳು.

ಅಂದಿನಿಂದ ಅದೇ ಪದ್ಧತಿಯಾಯಿತು. ಸಂಜೆ ಆರಕ್ಕೆ ಶಿವವ್ವ ಧೂಳು ಒರೆಸುವಳು, ಒಂದು ಹಾಳೆ ತಿರುವುವಳು, ಬೀಗ ಹಾಕುವಳು. ಹನ್ನೆರಡು ಮಕ್ಕಳು ಗಾಜಿಗೆ ಅಂಟಿಕೊಳ್ಳುವರು. ಮೀನಾ ಎರಡು ಪುಟ ಗಟ್ಟಿಯಾಗಿ ಓದುವಳು. ಶಿವವ್ವ ಕಸಬರಿಗೆ ಹಿಡಿದು ಹಿಂದೆ ನಿಂತು, ಪುಟ ಮುಗಿದೊಡನೆ, "ಮುಂದ ಏನಾತ?" ಎನ್ನುವಳು. "ನಾಳಿ ನೀನ ತಿರುವಬೇಕಲ್ಲ ಆಯಿ," ಎಂದು ಮಕ್ಕಳು ನಗುವರು. ಮಳೆಗಾಲದುದ್ದಕ್ಕೂ ಒಬ್ಬರೂ ತಪ್ಪಿಸಲಿಲ್ಲ. ಪಾಳಿ ಮುಗಿಸಿ ಮಗಳನ್ನು ಕರೆಯಲು ಬರುತ್ತಿದ್ದ ದೇವಪ್ಪ ಕೂಡ, "ಆನಿಗೆ ಏನ್ ತಿನ್ನಾಕ ಕೊಟ್ಲವ್ವಾ ಇವತ್ತ?" ಎಂದು ಹೊಸ್ತಿಲಲ್ಲೇ ವಿಚಾರಿಸುತ್ತಿದ್ದ.

ನಾನೇ ಅಂಗಡಿಯಿಂದ ಒಂದು ಪ್ರತಿ ತರಿಸಬಹುದಿತ್ತಲ್ಲ ಎಂದು ತಾವು ಕೇಳಬಹುದು. ಪ್ರಕಾಶಕರಿಗೆ ಫೋನು ಮಾಡಿದೆ. "ಎಲ್ಲಾ ಪ್ರತಿ ವಾಚನಾಲಯಗಳಿಗೇ ಹೋಗ್ಯಾವ್ರಿ ಮೇಡಂ, ಭಾಳ ಚಲೋ ಓದ್ತಿರಬೇಕು ಮಕ್ಕಳು," ಎಂದು ಅವರು ಸಂತೋಷಪಟ್ಟರು. ಅವರ ಸಂತೋಷ ಕೆಡಿಸಲು ನನಗೆ ಮನಸ್ಸು ಬರಲಿಲ್ಲ.

ಐವತ್ತಾರನೆಯ ಹಾಳೆಯ ದಿನ ತಾವು ತಪಾಸಣೆಗೆ ಬಂದಿರಿ. ತೆರೆದಿದ್ದದ್ದು ಪುಟ ೧೧೨ ಮತ್ತು ೧೧೩. ಸುಂಕದ ಅಧಿಕಾರಿ ಕಂಟೇನರಿನ ಬಾಗಿಲಿಗೆ ಕೈ ಹಾಕಿದ್ದಾನೆ, ಒಳಗೆ ಆನೆಮರಿಗೆ ಸೀನು ಬರುತ್ತಿದೆ. ತಾವು ಮೊದಲು ಗಾಜು ನೋಡಿದಿರಿ, "ಹನ್ನೆರಡು ಮೂಗುಗಳ ಗುರುತು" ಎಂದು ಬರೆದುಕೊಂಡಿರಿ. ಆಮೇಲೆ, "ಒಂದನೇ ಪುಟದಲ್ಲಿದ್ದ ಪುಸ್ತಕ ಇಲ್ಲಿಗೆ ಹೇಗೆ ಬಂತು?" ಎಂದಿರಿ.

ಶಿವವ್ವ ಒಂದು ಕ್ಷಣವೂ ತಡೆಯದೆ, "ನಾನ ತಿರುವೇನ್ರಿ ಸಾಹೇಬ್ರ. ಹುಡುಗ್ರು ಭಾಳ ಹಪಹಪಿಸಾಕತ್ತಿದ್ವು," ಎಂದಳು. ಬಾಗಿಲ ಬಳಿ ನಿಂತಿದ್ದ ನಾನು ಸುಮ್ಮನಿದ್ದೆ. ಅದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ.

ನಾಲ್ಕನೇ ದಿನ ನೋಟೀಸು ಬಂತು. ಶಿವವ್ವ ಅದನ್ನು ಮೀನಾಳ ಕೈಗೆ ಕೊಟ್ಟು ಓದಿಸಿದಳು. "ಅನಧಿಕೃತವಾಗಿ ಪುಟಗಳನ್ನು ತಿರುವಿ ಪುಸ್ತಕದ ಹೊಸತನಕ್ಕೆ ಧಕ್ಕೆ ತಂದಿದ್ದರಿಂದ, ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಕೂಡದು." ಹುಡುಗಿ ತಡವರಿಸದೆ ಓದಿದಳು. ಐವತ್ತಾರು ಸಂಜೆಗಳ ಅಭ್ಯಾಸ ನೋಡಿ.

"ಮುಂದ ಏನಾತ?" ಎಂದಳು ಶಿವವ್ವ.

"ಮುಂದ ಏನಿಲ್ಲ ಆಯಿ. ಸಹಿ ಐತಿ," ಎಂದು ಮೀನಾ ಅತ್ತುಬಿಟ್ಟಳು. ಶಿವವ್ವ ಕಾಗದ ಮಡಚಿ ಕುಪ್ಪಸದೊಳಗಿಟ್ಟುಕೊಂಡು, ಅವಳ ಮುಖ ಒರೆಸಿ ಮನೆಗೆ ಹೋದಳು. ಈಗ ವಾರದಲ್ಲಿ ನಾಲ್ಕು ದಿನ ಯಾರದೋ ಕಟ್ಟಡಕ್ಕೆ ಇಟ್ಟಿಗೆ ಹೊರುತ್ತಾಳೆ. ಅವಳಿಗೆ ಐವತ್ತೆಂಟು ವರ್ಷ.

ಈಗ ನನ್ನ ತಕರಾರು ಕೇಳಿ. ಪುಸ್ತಕವನ್ನು "ಮೂಲ ಸ್ಥಿತಿಗೆ ತರಲಾಗಿದೆ" ಎಂದು ವರದಿಯಲ್ಲಿ ಬರೆದಿದ್ದೀರಿ. ಅಂದರೆ ಐವತ್ತಾರು ಹಾಳೆಗಳನ್ನು ಒಂದೇ ಏಟಿಗೆ ತಿರುವಿದವರು ತಾವು! ತಮಗೆ ನೋಟೀಸು ಕೊಟ್ಟವರು ಯಾರು? ಇನ್ನೂ ಒಂದು ಮಾತು. ಅಂದು ಎಲ್ಲರನ್ನೂ ಹೊರಗೆ ಕಳಿಸಿ, ಹಿಂದಕ್ಕೆ ತಿರುವುವ ಮೊದಲು ತಾವು ಕಪಾಟಿನ ಮುಂದೆ ನಿಂತು ಪುಟ ೧೧೩ನ್ನು ಪೂರ್ತಿ ಓದಿದಿರಿ. ಅತ್ತಿತ್ತ ನೋಡಿದಿರಿ. ನಂತರ ಎರಡು ಹಾಳೆ ಮುಂದಕ್ಕೆ ತಿರುವಿ, ಓದಿ, ನಕ್ಕಿರಿ. ತಡೆಯಲಾರದೆ, ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಕ್ಕಿರಿ. ಕಿಟಕಿಯಾಚೆ ಹನ್ನೆರಡು ಸಾಕ್ಷಿಗಳಿದ್ದರು. ಬೀಗದ ಕೈ ಜೇಬಿಗಿಟ್ಟು ಪಣಜಿಗೆ ಹೋದಿರಿ.

ಆದ್ದರಿಂದ ನನ್ನ ಬೇಡಿಕೆ ಸರಳ. ಶಿವವ್ವನ ನೋಟೀಸನ್ನು ಹಿಂದಕ್ಕೆ ಪಡೆಯಿರಿ, ಅವಳನ್ನು ಕೆಲಸಕ್ಕೆ ಕರೆಯಿರಿ, ಕಪಾಟಿನ ಬೀಗದ ಕೈ ಕಳಿಸಿ. ಗಣ್ಯರೇ ಬೇಕೆಂದಿದ್ದರೆ ಶಿವವ್ವನಿಂದಲೇ ಉದ್ಘಾಟನೆ ಮಾಡಿಸೋಣ. ಹಾಳೆ ತಿರುವಿದ್ದು ಅಪರಾಧವೇ ಎಂದು ತಾವು ಹಟ ಹಿಡಿದರೆ, ಅವಳು ಜ್ವರದಲ್ಲಿ ಮಲಗಿದ್ದ ಮೂರು ದಿನ ಪುಟ ೬೪ರಿಂದ ೬೯ರವರೆಗೆ ತಿರುವಿದವಳು ನಾನು. ನನ್ನ ಹೆಸರಿಗೂ ಒಂದು ನೋಟೀಸು ಬರಲಿ. ಇದೆಲ್ಲಕ್ಕೂ ಸಭೆ, ಟಿಪ್ಪಣಿ, ಮೇಲಿನವರ ಒಪ್ಪಿಗೆ ಬೇಕಾಗುವುದು ನನಗೆ ಗೊತ್ತು. ಅಲ್ಲಿಯವರೆಗೆ ಒಂದು ಕಾರ್ಡು ಬರೆಯಲು ಯಾರ ಒಪ್ಪಿಗೆಯೂ ಬೇಡ. ಈ ಗುಡ್ಡದಲ್ಲಿ ಪುಟ ೧೧೪ ಓದಿದವರು ತಾವೊಬ್ಬರೇ. ಆನೆಮರಿ ಸೀನಿತೋ ಇಲ್ಲವೋ, ದಯವಿಟ್ಟು ತಿಳಿಸಿ. ಮಕ್ಕಳು ನಿದ್ದೆ ಮಾಡುತ್ತಿಲ್ಲ. ಖರೇ ಹೇಳಬೇಕೆಂದರೆ, ನನಗೂ ನಿದ್ದೆಯಿಲ್ಲ.

ಇಂತಿ,
ಮೂರು ಹಾಳೆಗಳ ಮಟ್ಟಿಗೆ ತಪ್ಪಿತಸ್ಥಳೂ, ಐವತ್ತಾರರ ಮಟ್ಟಿಗೆ ಪಾಲುದಾರಳೂ ಆದ
ಶುಭಾ
ಸಡಾ, ಗೋವಾ