ಗೋದಾಮಿಗೆ ನುಗ್ಗಿದ ಹನ್ನೆರಡು ಹೆಂಗಸರ ಉತ್ತರ

ಪುರಸಭೆಯ ಮಾನ್ಯ ಮುಖ್ಯಾಧಿಕಾರಿಗಳೇ,

‘ಪುರಸಭೆಯ ಗೋದಾಮಿಗೆ ಅತಿಕ್ರಮ ಪ್ರವೇಶ ಮಾಡಿ ಸರಕಾರಿ ಸಾಮಾನು ಹೊರಹಾಕಿದ್ದೀರಿ, ಏಳು ದಿನದೊಳಗೆ ಲಿಖಿತ ಉತ್ತರ ಕೊಡಿ’ ಎಂದು ತಾವು ನಮ್ಮ ಹನ್ನೆರಡು ಹೆಂಗಸರಿಗೆ ನೋಟಿಸು ಕಳಿಸಿದ್ದೀರಿ. ಉತ್ತರ ಇದೇ. ತಮ್ಮ ಕಚೇರಿಗೆ ಕೊಟ್ಟ ಕಾಗದ ಎಲ್ಲಿಗೆ ಹೋಗುತ್ತದೆಂದು ಬಲ್ಲವಳಾದ್ದರಿಂದ ಪತ್ರಿಕೆಗೇ ಕೊಡುತ್ತಿದ್ದೇನೆ. ಮೊದಲಿಗೆ ಒಂದು ತಿದ್ದುಪಡಿ. ತಾವು ಗೋದಾಮು ಎನ್ನುವ ಕಟ್ಟಡ ಹೆಂಗಸರ ಶೌಚಾಲಯ. ಅದರ ಗೋಡೆಯ ಮೇಲೆ ಸೀರೆ ಉಟ್ಟ ಹೆಣ್ಣಿನ ಚಿತ್ರ ಇನ್ನೂ ಇದೆ. ಗೋದಾಮಿಗೆ ಸೀರೆ ಉಡಿಸುವ ಪದ್ಧತಿ ಬೇರೆ ಯಾವ ಊರಿನಲ್ಲಾದರೂ ಉಂಟೇ?

ನಾನು ಕಾಯಿಪಲ್ಲೆ ಮಾರ್ಕೆಟ್ಟಿನ ಎದುರು ರವಿಕೆ ಹೊಲಿಯುವವಳು. ಎರಡು ವರ್ಷದ ಹಿಂದೆ ಆ ಶೌಚಾಲಯದ ಉದ್ಘಾಟನೆ ನನ್ನ ಕಣ್ಣೆದುರೇ ಆಯಿತು. ರಿಬ್ಬನ್ ಕತ್ತರಿಸಲು ಬಂದವರು ಕತ್ತರಿ ಮರೆತಿದ್ದರು, ನನ್ನದನ್ನೇ ಒಯ್ದರು. ಫೋಟೊ ತೆಗೆದರು, ಬಾಗಿಲಿಗೆ ಕೀಲಿ ಹಾಕಿದರು, ಹೋದರು. ಸಂಜೆಗೆ ಕತ್ತರಿ ವಾಪಸು ಬಂತು. ಬಾಗಿಲು ಮಾತ್ರ ತೆರೆಯಲಿಲ್ಲ. ಕೀಲಿಕೈ ಆರೋಗ್ಯ ಶಾಖೆಯಲ್ಲಿದೆ ಎಂದು ಒಬ್ಬರು, ಗುತ್ತಿಗೆದಾರರ ಬಳಿ ಎಂದು ಇನ್ನೊಬ್ಬರು, ಗುತ್ತಿಗೆದಾರರು ಭೀಮರಾಯನಗುಡಿಗೆ ಮನೆ ಬದಲಿಸಿದ್ದಾರೆ ಎಂದು ಮತ್ತೊಬ್ಬರು ಹೇಳಿದರು.

ನೋಟಿಸಿನಲ್ಲಿ ಮೊದಲ ಹೆಸರು ಮಲಕಮ್ಮನದು. ಶಿರವಾಳದ ಆಚೆಯ ಹಳ್ಳಿಯವಳು. ಮೊದಲ ಬಸ್ಸಿಗೆ ಮೆಂತ್ಯ, ಪುಂಡಿಪಲ್ಲೆ ಹೊತ್ತು ತಂದು ಸಂಜೆಯ ಬಸ್ಸಿನವರೆಗೆ ಮಾರುತ್ತಾಳೆ. ಅಷ್ಟು ಹೊತ್ತೂ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಸೊಪ್ಪಿಗೆ ಮಾತ್ರ ಗಳಿಗೆಗೊಮ್ಮೆ ನೀರು ಚಿಮುಕಿಸುತ್ತಿದ್ದಳು. ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಚಳಿ ಚಳಿ ಎನ್ನುತ್ತಾ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಬಿದ್ದಳು. ಹೊರಗೆ ಕಲ್ಲು ಸುಡುವ ಬಿಸಿಲು! ಆಟೊದಲ್ಲಿ ಶಹಾಪುರದ ದವಾಖಾನೆಗೆ ಒಯ್ದೆ. ಮೂತ್ರದ ಸೋಂಕು ಏರಿ ಕಿಡ್ನಿಗೆ ಮುಟ್ಟಿದೆ ಎಂದರು ಡಾಕ್ಟರಮ್ಮ.

“ನೀರು ಯಾಕ ಕುಡಿಯಂಗಿಲ್ಲವ್ವ?”

“ಕುಡದ್ರ ಎಲ್ಲಿಗಿ ಹೋಗ್ಲಿರಿ?”

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ನನ್ನ ಮನೆ ಅಂಗಡಿಯ ಹಿಂದೆಯೇ ಇದೆ. ಎರಡು ವರ್ಷದಲ್ಲಿ ಒಂದು ದಿನವೂ ನಾನು ಅವಳನ್ನು ಒಳಗೆ ಕರೆದಿರಲಿಲ್ಲ. ತಮ್ಮನ್ನು ಬೈಯಲು ಕೂತವಳು ಇದನ್ನು ಮುಚ್ಚಿಡುವುದು ನ್ಯಾಯವಲ್ಲ.

ಐದು ದಿನ ದವಾಖಾನೆಯಲ್ಲಿದ್ದು ಬಂದವಳ ಪರವಾಗಿ, ಶೌಚಾಲಯದ ಬಾಗಿಲು ತೆರೆಯಿರಿ ಎಂದು ನಾನು ಪುರಸಭೆಗೆ ಅರ್ಜಿ ಬರೆದೆ. ‘ಪರಿಶೀಲಿಸಲಾಗುವುದು’ ಎಂಬ ಹಿಂಬರಹ ಬಂತು. ಪರಿಶೀಲನೆಯ ಫಲ ಮುಂದಿನ ತಿಂಗಳ ಸಾಮಾನ್ಯ ಸಭೆಯಲ್ಲಿ ಕಾಣಿಸಿತು. ‘ಸದರಿ ಶೌಚಾಲಯವನ್ನು ಸಾರ್ವಜನಿಕರು ಬಳಸದೇ ಇರುವುದರಿಂದ ಗೋದಾಮಾಗಿ ಪರಿವರ್ತಿಸಲು ಸರ್ವಾನುಮತದಿಂದ ಠರಾಯಿಸಲಾಯಿತು.’ ಕೀಲಿ ಹಾಕಿದ ಬಾಗಿಲಿನಿಂದ ಯಾರೂ ಒಳಗೆ ಹೋಗುತ್ತಿಲ್ಲ ಎಂದು ಕಂಡುಹಿಡಿಯಲು ತಮಗೆ ಎಷ್ಟು ಜನ ತಜ್ಞರು ಬೇಕಾದರು?

ಅದರ ಮುಂದಿನ ಸಭೆಗೆ ನಾವು ಹನ್ನೆರಡು ಜನ ಬಂದೆವು. ಗಲಾಟೆ ಮಾಡಲಿಲ್ಲ, ಹಿಂದಿನ ಬೆಂಚಿನಲ್ಲಿ ಕೂತೆವು. ಊರ ಸ್ವಾಗತ ಕಮಾನಿನ ಮುಖ ಶಹಾಪುರದ ಕಡೆಗಿರಬೇಕೋ ಸುರಪುರದ ಕಡೆಗೋ ಎಂದು ಸದಸ್ಯರು ಒಂದು ತಾಸು ವಾದಿಸಿದರು. ಎರಡು ಸುತ್ತು ಚಹಾ, ಒಂದು ಸುತ್ತು ಮಿರ್ಚಿ ಭಜಿ ಆಯಿತು. ಆಗ ಬಳೆ ಮಾರುವ ಅನ್ವರಬಿ ಎದ್ದು ಜವಾನ ಅಯ್ಯಪ್ಪನನ್ನು ಶೌಚಾಲಯ ಎಲ್ಲಿ ಎಂದು ಕೇಳಿದಳು.

“ಇಲ್ಲಿ ಇರೋದು ಮೆಂಬರ್ ಸಾಹೇಬರದು ಒಂದೇ ಅದರಿ. ನಿಮಗ ಬಿಡಂಗಿಲ್ಲ.”

“ಹಂಗಿದ್ರ ನಮ್ಮದರ ಕೀಲಿಕೈ ಕೊಡಪ, ಅಲ್ಲಿಗೇ ಹೋಗ್ತೀವಿ.”

ಅಯ್ಯಪ್ಪ ತಮ್ಮ ಮುಖ ನೋಡಿದ. ತಾವು ಕಮಾನಿನ ನಕ್ಷೆ ನೋಡಿದಿರಿ. ಮಲಕಮ್ಮ ಸೀದಾ ಸದಸ್ಯರ ಶೌಚಾಲಯದೊಳಗೆ ಹೋಗಿ ಅಗಳಿ ಹಾಕಿಕೊಂಡಳು. ಉಳಿದ ನಾವು ಹೊರಗೆ ಸಾಲು ನಿಂತೆವು. ಸ್ವಲ್ಪ ಹೊತ್ತಿಗೆ ಮಾನ್ಯ ಸದಸ್ಯರು ಒಬ್ಬೊಬ್ಬರಾಗಿ ಬಂದು ನಮ್ಮ ಹಿಂದೆ ನಿಂತರು. ಪಕ್ಷಭೇದವಿಲ್ಲದೆ ಎಲ್ಲರೂ ಒಂದೇ ಸಾಲಿನಲ್ಲಿ ನಿಂತದ್ದನ್ನು ನಮ್ಮೂರು ಅಂದೇ ಮೊದಲು ಕಂಡದ್ದು.

“ಅವ್ವಾ, ಜರಾ ಲಗು ಬರ್ರಿ,” ಎಂದರು ಒಬ್ಬ ಹಿರಿಯ ಸದಸ್ಯರು, ಕಾಲು ಬದಲಿಸುತ್ತಾ.

ಒಳಗಿನಿಂದ ಮಲಕಮ್ಮನ ದನಿ ಬಂತು: “ನಾವು ಎರಡು ವರ್ಸ ತಡಕೊಂಡೀವಿ. ನೀವು ಹತ್ತು ಮಿನಿಟ್ ತಡಕೋರಿ, ಸಾಹೇಬ್ರ.”

ಆಗ ತಾವೂ ಬಂದಿರಿ. ಸಾಲಿನ ಉದ್ದ ನೋಡಿದಿರಿ. ಎರಡು ವರ್ಷ ಸಿಗದ ಕೀಲಿಕೈ ಇಪ್ಪತ್ತು ನಿಮಿಷದಲ್ಲಿ ಆರೋಗ್ಯ ಶಾಖೆಯ ಕಪಾಟಿನಲ್ಲಿ ಸಿಕ್ಕಿತು! ಬೀಗ ತುಕ್ಕು ಹಿಡಿದಿತ್ತು. ಸೈಕಲ್ ರಿಪೇರಿಯ ಬಾಷುಮಿಯಾ ಸೀಮೆಎಣ್ಣೆ ಬಿಟ್ಟು, ಸುತ್ತಿಗೆಯಲ್ಲಿ ಬಡಿದು ತೆಗೆದ. ನೋಡಿದರೆ ಒಳಗೆ ಸೊಳ್ಳೆಗೆ ಹೊಗೆ ಬಿಡುವ ಮಿಷಿನ್ನು, ಮುರಿದ ಕುರ್ಚಿಗಳು, ಹಳೆಯ ಫ್ಲೆಕ್ಸುಗಳು. ಮುಂಬಾಗಿಲಿಗೆ ತುಕ್ಕು, ಹಿಂಬಾಗಿಲ ಕೊಂಡಿಗೆ ತುಕ್ಕಿಲ್ಲದ ಬೀಗ, ಆ ದಾರಿಯಿಂದ ಬಂದ ಸಾಮಾನಿನ ಮೇಲೆ ವರ್ಷದ ಧೂಳು. ಎಂದರೆ ಕಟ್ಟಡ ಗೋದಾಮಾಗಿದ್ದು ಮೊದಲು, ಠರಾವು ಬಂದಿದ್ದು ಆಮೇಲೆ. ನಾವು ಸಾಮಾನನ್ನು ಒಂದೊಂದಾಗಿ ಹೊತ್ತು ಪುರಸಭೆಯ ವರಾಂಡದಲ್ಲಿ ಸಾಲಾಗಿ ಇಟ್ಟೆವು. ಕುರ್ಚಿಗಳನ್ನು ಒರೆಸಿಯೇ ಇಟ್ಟೆವು. ಇದೇ ತಾವು ಹೇಳುವ ‘ಹೊರಹಾಕುವಿಕೆ’.

ಅಂದಿನಿಂದ ಶೌಚಾಲಯ ತೆರೆದಿದೆ. ನಲ್ಲಿ ಇದೆ, ನೀರಿಲ್ಲ. ಪಾಳಿ ಹಚ್ಚಿ ನಾವೇ ಕೊಡ ತರುತ್ತೇವೆ, ನಾವೇ ತೊಳೆಯುತ್ತೇವೆ. ಮಲಕಮ್ಮ ನೀರು ಕುಡಿಯುತ್ತಿದ್ದಾಳೆ, ಮುಖಕ್ಕೆ ಕಳೆ ಬಂದಿದೆ.

ನೋಟಿಸು ಬಂದಾಗ ಅವಳು ಅದನ್ನು ನನ್ನಿಂದ ಎರಡು ಸಲ ಓದಿಸಿದಳು. ಹೆದರಿದಳೆಂದುಕೊಂಡೆ.

“ಇದರಾಗ ನನ್ನ ಹೆಸರು ಪೂರಾ ಬರ್ದಾರೇನು?”

“ಬರ್ದಾರ. ನಿಮ್ಮದೇ ಮೊದಲು.”

“ಅರ್ಜಿ ಕೊಟ್ಟಾಗ ನಾ ಯಾರಂತ ಅವರಿಗಿ ಗೊತ್ತಿರಲಿಲ್ಲ. ಈಗ ಗೊತ್ತಾಯ್ತು ನೋಡ್ರಿ,” ಎಂದು ನೋಟಿಸನ್ನು ಮಡಚಿ ಎಲೆ-ಅಡಿಕೆಯ ಚೀಲದಲ್ಲಿ ಇಟ್ಟುಕೊಂಡಳು.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ಆ ಠರಾವನ್ನು ರದ್ದು ಮಾಡಿ. ನಲ್ಲಿಗೆ ನೀರು ಬಿಡಿ. ತೊಳೆಯಲು ಸಂಬಳದ ಮೇಲೆ ಒಬ್ಬರನ್ನು ನೇಮಿಸಿ. ನೋಟಿಸನ್ನು ಹಿಂತೆಗೆದುಕೊಳ್ಳಿ ಎಂದು ಮಾತ್ರ ನಾವು ಕೇಳುವುದಿಲ್ಲ. ವಿಚಾರಣೆ ನಡೆಯಲೇಬೇಕು. ಆದರೆ ತಮ್ಮ ಕೊಠಡಿಯಲ್ಲಿ ಬೇಡ. ಸಂತೆಯ ದಿನ, ನಡು ಮಧ್ಯಾಹ್ನ, ಆ ಕಟ್ಟಡದ ಮುಂದೆ ಕುರ್ಚಿ ಹಾಕಿಸಿ ಕೂತುಕೊಳ್ಳಿ. ಅತಿಕ್ರಮಣ ಯಾರದೆಂದು ಸುತ್ತಲ ಹತ್ತು ಹಳ್ಳಿಯ ಹೆಂಗಸರ ಎದುರು, ದನಿ ಏರಿಸಿ, ಓದಿ ಹೇಳಿ.

‘ತಮ್ಮ ವಿಧೇಯಳು’ ಎಂದು ಬರೆಯಲು ಕೈ ಏಳುತ್ತಿಲ್ಲ. ಆದಕಾರಣ

ಇಂತಿ,
ಆಪಾದಿತೆ ಸಂಖ್ಯೆ ಎರಡು,
ನಾಗರತ್ನಾ, ರವಿಕೆ ಹೊಲಿಯುವವಳು