ಬೆಣ್ಣೆಗಾಗಿ ಹಾಕಿದ ಚಿಲಕ

ಜನವರಿ ೧೯, ಭಾನುವಾರ ಮಧ್ಯಾಹ್ನ

ಮುದ್ದಿನ ಬಾಲಂಗೋಚಿಗೆ,

ನಿನ್ನ ಭಾವನ ತುಂಬು ಮನಸ್ಸಿನ ಹಾರೈಕೆಗಳು. ನಿನ್ನ ಕಾಗದ ಬಂದು ಬಹಳ ದಿನವಾಯಿತು, ಉತ್ತರ ತಡವಾಯಿತೆಂದು ಬೈಯಬೇಡ. ಬೈದರೂ ಸರಿಯೇ, ಹೆಡ್‌ಮಿಸ್ ಆದ ಮೇಲೆ ನಿನಗೆ ಅದು ಅಭ್ಯಾಸವಾಗಿಬಿಟ್ಟಿದೆ. ಜೀವಮಾನವೆಲ್ಲ ಕಂಬ ಹತ್ತಿ ಟೆಲಿಫೋನ್ ತಂತಿ ಎಳೆದವನು ಫೋನು ಬಿಟ್ಟು ಪೆನ್ನು ಹಿಡಿದಿದ್ದಾನಲ್ಲ ಎಂದು ನಗುತ್ತಿರಬಹುದು. ಫೋನ್ ಮಾಡಿದರೆ ನಿಮ್ಮಕ್ಕ ಪಕ್ಕದಲ್ಲೇ ಕೂತು ನನ್ನ ಒಂದೊಂದು ಮಾತಿಗೂ ಒಗ್ಗರಣೆ ಹಾಕುತ್ತಾಳೆ. ಈಗ ಹೊಲಿಗೆ ಮೆಷಿನ್ ಪಕ್ಕದ ಕುರ್ಚಿಯಲ್ಲಿ, ಮಡಿಲಲ್ಲಿ ಮೊಲ ಇಟ್ಟುಕೊಂಡು ನಿದ್ದೆ ಹೋಗಿದ್ದಾಳೆ. ಇದೇ ಸಮಯ ಎಂದು ಬರೆಯಲು ಕೂತೆ.

ಹೌದು, ಮೊಲವೇ. "ಈ ವಯಸ್ಸಲ್ಲಿ ಮೊಲ ಯಾಕೆ ಭಾವ ನಿಮಗೆ?" ಎಂದು ಕೇಳಿದ್ದೀಯ. ತಂದವನು ನಾನಲ್ಲ ಮಾರಾಯ್ತಿ. ಕೆಳಗಿನ ಸೈಕಲ್ ಅಂಗಡಿಯವನು ಸಾಕಿದ ಮೊಲ ಮರಿ ಹಾಕಿತ್ತು. ನಿಮ್ಮಕ್ಕ ಒಂದು ಬಿಳಿ ಮರಿಯನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲೇರಿ ಬಂದಳು. "ನೋಡ್ರೀ, ಬೆಣ್ಣೆ ವಾಪಸ್ ಬಂದುಬಿಟ್ಟಿದೆ," ಅಂದಳು. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ನಾನೂ ನಕ್ಕೆ.

ನಿನ್ನ ಬೆಣ್ಣೆ ನೆನಪಿದೆಯಾ? ನಮ್ಮ ಮದುವೆಯಾದ ವಾರಕ್ಕೇ, ಒಂದು ಕೈಯಲ್ಲಿ ಅಕ್ಕನ ಬೆರಳು, ಇನ್ನೊಂದರಲ್ಲಿ ಮೊಲದ ಬುಟ್ಟಿ ಹಿಡಿದು ಈ ಮನೆಗೆ ಬಂದವಳು ನೀನು. ಗಾಳಿಪಟದ ಜೊತೆಗೆ ಬಾಲಂಗೋಚಿ ಉಚಿತ ಎಂದು ನಾನು ಹೇಳಿದ್ದೆ. ತಾಯಿಯಿಲ್ಲದ ನಿನಗೆ ಅಕ್ಕನೇ ಅಮ್ಮ ಎಂಬುದು ನನಗೆ ಆಗಿನ್ನೂ ಸರಿಯಾಗಿ ಗೊತ್ತಿರಲಿಲ್ಲ. ನೀನು ಸಿಟ್ಟಾಗಿ ನನ್ನ ಬೂಟಿನೊಳಗೆ ಕ್ಯಾರೆಟ್ ತುರುಕಿದ್ದೆ.

ಆಗ ನಾನು ಎಲ್ಲಿ ತಂತಿ ರಿಪೇರಿ ಮಾಡಿದರೂ, ಸರಿಯಾಯಿತೇ ಎಂದು ನೋಡಲು ಕಂಬದ ಮೇಲಿಂದ ಮನೆಗೇ ಫೋನ್ ಹಚ್ಚುತ್ತಿದ್ದೆ. "ಹಲೋ, ಲೈನ್ ಸರಿ ಇದೆಯಾ?" ಎಂದರೆ ನಿಮ್ಮಕ್ಕ "ಕೇಳಿಸ್ತಿದೆ, ಇಳೀರಿ ಹುಷಾರಾಗಿ," ಎನ್ನುತ್ತಿದ್ದಳು. ಆ ಮಾತು ಕೇಳದೆ ನಾನು ಕಂಬ ಇಳಿದವನೇ ಅಲ್ಲ. ಒಂದು ದಿನ ಎಷ್ಟು ಹಚ್ಚಿದರೂ ಉತ್ತರವಿಲ್ಲ. ಏಣಿಯನ್ನು ಅಲ್ಲೇ ಬಿಟ್ಟು ಓಡಿಬಂದೆ. ನೋಡಿದರೆ ಮಂಚದ ಕೆಳಗೆ ನೀನು ಬೆಣ್ಣೆಯನ್ನು ಬಚ್ಚಿಟ್ಟುಕೊಂಡು ಅಳುತ್ತಿದ್ದೀಯ. "ಊರ ಲೈನೆಲ್ಲ ಸರಿ ಮಾಡ್ತೀರಿ, ಮನೆ ಲೈನು ಮೊಲದ ಹೊಟ್ಟೆ ಸೇರಿದೆ," ಎಂದು ನಿಮ್ಮಕ್ಕ ತಡೆಯಲಾರದೆ ನಗುತ್ತಿದ್ದಳು. ಆ ನಗು ಈಗಲೂ ಕಿವಿಯಲ್ಲಿದೆ.

ಅದಕ್ಕೇ ಈ ಸಲ ಮೊದಲೇ ಮನೆ ಭದ್ರ ಮಾಡಲು ಹೊರಟೆ. ಈ ಮರಿಗೇನಾದರೂ ಆದರೆ ನಿಮ್ಮಕ್ಕ ತಡೆದುಕೊಳ್ಳುವುದಿಲ್ಲ. ಇಬ್ಬರೂ ಮೊಣಕಾಲೂರಿ ಮೊಲದ ಎತ್ತರಕ್ಕೆ ಇಳಿದು ಮನೆಯೆಲ್ಲ ತಿರುಗಿದೆವು. ನಲವತ್ತು ವರ್ಷದ ಹೊಲಿಗೆಯ ಗುಂಡುಸೂಜಿಗಳೆಲ್ಲ ಮೆಷಿನ್ ಕೆಳಗೇ ಸಂಸಾರ ಹೂಡಿದ್ದವು, ಅಯಸ್ಕಾಂತ ಹಿಡಿದು ಬಳಿದೆ. ತಂತಿಗಳನ್ನೆಲ್ಲ ಪೈಪಿನೊಳಗೆ ತೂರಿಸಿದೆ. ಬೀರುವಿನ ಹಿಂದಿನ ಸಂದಿಗೆ ಹಲಗೆ ಬಡಿದಾಗ ಅಲ್ಲಿ ನಿನ್ನ ಶಾಲೆಯ ರಿಬ್ಬನ್ ಒಂದು ಸಿಕ್ಕಿತು. ನಿಮ್ಮಕ್ಕ ಅದನ್ನು ತೊಳೆದು ಇಸ್ತ್ರಿ ಮಾಡಿ ಬಾಗಿಲ ಮೊಳೆಗೆ ನೇತುಹಾಕಿದ್ದಾಳೆ. ಕತ್ತರಿ, ಫಿನಾಯಿಲ್, ಇಲಿಪಾಷಾಣ ಎಲ್ಲ ಅಟ್ಟ ಸೇರಿದವು. ಗ್ಯಾಸಿನ ತಿರುಗಣೆಗೆ ಬೀಗದ ಮುಚ್ಚಳ ಹಾಕುವಾಗ, ಸಹಾಯಕ್ಕೆ ಬಂದಿದ್ದ ಸೈಕಲ್ ಅಂಗಡಿಯವನು "ಮೊಲ ಒಲೆ ಹಚ್ಚುತ್ತಾ ಸಾರ್?" ಎಂದ. "ಈಗಿನ ಕಾಲದ ಮೊಲ, ಹೇಳೋಕಾಗಲ್ಲಪ್ಪ," ಎಂದೆ. ನಿಮ್ಮಕ್ಕನಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು.

ಮೆಟ್ಟಿಲ ಬಾಗಿಲಿಗೆ ಚಿಲಕ ಬಡಿಯುವಾಗ ಅವಳೇ ಮುಂದೆ ನಿಂತಳು. "ಇನ್ನೂ ಮೇಲೆ ಹಾಕ್ರೀ. ಕೈಗೆಟುಕೋ ಹಾಗಿದ್ರೆ ಯಾರಾದ್ರೂ ತೆಗೆದಿಟ್ಟು ಮರೀತಾರೆ, ಬೆಣ್ಣೆ ಬೀದಿಗೆ ಹೋಗಿಬಿಡುತ್ತೆ," ಎಂದಳು. ಅವಳು ಹೇಳಿದಷ್ಟೇ ಎತ್ತರಕ್ಕೆ ಹಾಕಿದೆ. ಸ್ಕ್ರೂಗಳನ್ನು ಒಂದೊಂದಾಗಿ ಕೊಟ್ಟವಳೂ ಅವಳೇ.

ಕೆಲಸ ಮುಗಿಸಿ ಅಡುಗೆಮನೆಯಿಂದ "ಹಲೋ, ಲೈನ್ ಸರಿ ಇದೆಯಾ?" ಎಂದು ಕೂಗಿದೆ. ಹಳೆಯ ಚಾಳಿ, ಈಗಲೂ ಬಿಟ್ಟಿಲ್ಲ. ಸ್ವಲ್ಪ ತಡವಾಗಿಯಾದರೂ "ಕೇಳಿಸ್ತಿದೆ," ಎಂದಳು. ನನಗೆ ಅಷ್ಟು ಸಾಕು.

ನಿನ್ನ ಶಾಲೆಯ ಪರೀಕ್ಷೆಗಳು ಸುಸೂತ್ರವಾಗಿ ನಡೆಯಲಿ, ಮಕ್ಕಳು ನಿನಗೆ ಹೆದರುವುದಕ್ಕಿಂತ ಹೆಚ್ಚು ನಿನ್ನನ್ನು ಹಚ್ಚಿಕೊಳ್ಳಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು, ತಣ್ಣಗಿರು.

ನಿನ್ನ ಬೂಟುಕಾಲಿನ ಭಾವ

ವಿ.ಸೂ.: ಕಾಗದ ಮಡಚಿದವನು ಮತ್ತೆ ಬಿಚ್ಚಿದೆ. ಆ ಬೀಗ, ಆ ಚಿಲಕ ಮೊಲಕ್ಕಲ್ಲ. ಹೋದ ತಿಂಗಳು ನಿಮ್ಮಕ್ಕ ಉರಿಯುವ ಒಲೆಯ ಮೇಲೆ ಹಾಲಿಟ್ಟು ಹೊರಗೆ ಹೋಗಿಬಿಟ್ಟಿದ್ದಳು. ನಿನ್ನ ಹಳೆಯ ಶಾಲೆಯ ಗೇಟಿನ ಮುಂದೆ ನಿಂತಿದ್ದವಳನ್ನು ಸೈಕಲ್ ಅಂಗಡಿಯವನು ಕರೆತಂದ. ಮರೆವು ಇನ್ನು ಹೆಚ್ಚುತ್ತಲೇ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಬಾಗಿಲಿಗೆ ಬೀಗ ಎಂದಾಗ, "ನಾನೇನು ಕೂಸಾ?" ಎಂದು ಅತ್ತು ಊಟ ಬಿಟ್ಟಳು. ಮೊಲಕ್ಕೆ ಎಂದಾಗ ಒಪ್ಪಿದಳು. ಅವಳನ್ನು ಬೇರೆಲ್ಲೂ ಬಿಡಲು ನನ್ನ ಕೈಯಲ್ಲಾಗದು.

ನಿನ್ನೆ ಸಂಜೆ ಆ ರಿಬ್ಬನ್ ಕೈಯಲ್ಲಿ ಹಿಡಿದು, "ರೀ, ಶಾಲೆ ಬಿಟ್ಟು ಎಷ್ಟೊತ್ತಾಯ್ತು, ಬಾಲಂಗೋಚಿ ಇನ್ನೂ ಬಂದಿಲ್ಲ. ಹೋಗಿ ನೋಡ್ಕೊಂಡು ಬನ್ನಿ," ಅಂದಳು. ನಾನು ಕೆಳಗಿಳಿದು ಸೈಕಲ್ ಅಂಗಡಿಯ ಮುಂದೆ ಸುಮ್ಮನೆ ನಿಂತಿದ್ದು ಮೇಲೆ ಬಂದೆ. "ದಾರಿಯಲ್ಲಿದ್ದಾಳೆ, ಬರ್ತಾಳೆ," ಎಂದೆ. "ಹಾಗಿದ್ರೆ ಚಿಲಕ ಹಾಕ್ಬೇಡಿ, ಮಗು ಬಂದು ಬಾಗಿಲಲ್ಲಿ ನಿಲ್ಲೋದು ಬೇಡ," ಅಂದಳು.

ಹಾಕಲಿಲ್ಲ. ಅವಳು ಮಲಗುವವರೆಗೂ ತೆರೆದ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತಿದ್ದೆ. ಇವತ್ತೂ ಕೂರುತ್ತೇನೆ. ಅವಳಿಗೆ ನಿನ್ನ ಗುರುತು ಇರುವಾಗಲೇ ಬಂದುಬಿಡು, ಪುಟ್ಟಾ.