ಸಾಹೇಬರ ಗೋಡೆಯ ಹಡಗು

ಹಮ್ರಿಯಾ, ಮಸ್ಕತ್
ತಾ. 19-7-1987

ಪ್ರೀತಿಯ ಉಮಾವತಿಗೆ ನಿನ್ನ ಒಲಿಂಡಾ ಮಾಡುವ ನಮಸ್ಕಾರ.

ನಿನ್ನ ಕಾಗದ ಬಂದು ತಿಂಗಳಾಯಿತು, ಸಿಟ್ಟಾಗಬೇಡ ಮಾರಾಯ್ತಿ. ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲವೂ ಎಡ್ಮಂಡನ ಸುದ್ದಿ ಬರಲಿ ಎಂದು ಎದ್ದೆ. ಮಗ ಎಣ್ಣೆ ಹಡಗು ಹತ್ತಿ ಕುವೈತಿನ ಕಡೆ ಹೋಗಿ ಏಳು ವಾರ. ಪತ್ರ ಇಲ್ಲ, ಫೋನಿಲ್ಲ. ಈ ಕಡೆಯ ಸಮುದ್ರದಲ್ಲೆಲ್ಲ ಯುದ್ಧ, ರೇಡಿಯೋದಲ್ಲಿ ಯಾವುದೋ ಹಡಗಿಗೆ ಬೆಂಕಿ ಬಿತ್ತೆಂದು ಹೇಳುತ್ತಾರೆ, ಹೆಸರು ಮಾತ್ರ ನನಗೆ ಸರಿ ಕೇಳುವುದಿಲ್ಲ.

ನಿನ್ನ ಸೊಂಟ ನೋವು ಹೇಗುಂಟು? ಬಾವಿಯ ನೀರು ಸೇದಬೇಡ. ಐದನೇ ಕ್ಲಾಸು ಬಿಟ್ಟವಳ ಬರಹ, ತಪ್ಪಿದ್ದರೆ ತಿದ್ದಿ ಓದು.

ಇಲ್ಲಿ ಒಂದು ಸಂಗತಿ ಆಯಿತು. ನಾನು ಕೆಲಸ ಮಾಡುವ ಜಪಾನಿ ಸಾಹೇಬರ ಮನೆಯಲ್ಲಿ ಮೂರು ಕಾಗದ ಜೋಡಿಸಿದ ಉದ್ದದ ಚಿತ್ರ ಉಂಟು. ಮರದ ಹಲಗೆ ಕೆತ್ತಿ, ಬಣ್ಣ ಹಚ್ಚಿ ಒತ್ತಿದ್ದಂತೆ, ಅವರ ಅಜ್ಜನ ಕಾಲದ್ದು. ಕಪ್ಪು ಸಮುದ್ರ, ಹೊಗೆ ಉಗುಳುವ ಕಬ್ಬಿಣದ ಯುದ್ಧ ಹಡಗುಗಳು, ಬಿಳಿ ಕೋಲಿನ ಹಾಗೆ ಸರ್ಚ್‌ಲೈಟು, ನೀರಿಗೆ ಬೀಳುವ ಮನುಷ್ಯರು. ಎಡ್ಮಂಡನ ಹಡಗಿನ ಫೋಟೋ ನನ್ನ ಹತ್ತಿರ ಇಲ್ಲ. ಹಾಗಾಗಿ ಆ ಚಿತ್ರದ ಮೂಲೆಯ ಹಡಗನ್ನೇ ಅವನದು ಎಂದು ಇಟ್ಟುಕೊಂಡೆ. ಗರಿಗಳ ಹಬ್ಬದಲ್ಲಿ ಪಾದ್ರಿಗಳು ಆಶೀರ್ವದಿಸಿದ ತೆಂಗಿನ ಗರಿಯನ್ನು ನಾವು ದೇವರ ಪಟದ ಹಿಂದೆ ಸಿಕ್ಕಿಸುವುದು ನಿನಗೆ ಗೊತ್ತಲ್ಲ. ಇಲ್ಲಿ ರೂವಿಯ ಇಗರ್ಜಿಯಲ್ಲಿ ಸಿಕ್ಕಿದ ಖರ್ಜೂರದ ಗರಿಯನ್ನು ಆ ಹಡಗಿನ ಹಿಂದೆ, ಕಾಗದಕ್ಕೆ ತಾಗಿಸಿ ಸಿಕ್ಕಿಸಿದೆ.

ಮೊನ್ನೆ ಗೋಡೆಗೆ ಬಣ್ಣ ಬಳಿಸಲೆಂದು ಸಾಹೇಬರು ಪಟ ಇಳಿಸಿದರು. ಎಸಿಯ ನೀರಿನ ಪಸೆಗೆ ಗರಿ ಕೊಳೆತು, ಚಿತ್ರದ ಸಮುದ್ರದ ಮೇಲೆ ಗೇಣುದ್ದ ಕಂದು ಗೆರೆ. ಸಾಹೇಬರ ಇಂಗ್ಲಿಷನ್ನು ನನಗೆ ಹೇಳುವವ ಡ್ರೈವರ್ ಅಬ್ಬಾಸ್, ಉಪ್ಪಿನಂಗಡಿಯವ.

"ಒಲಿಂಡಕ್ಕ, ಜಪಾನಿನ ಯುದ್ಧಕ್ಕೂ ನೀವು ಗರಿ ಇಟ್ಟದ್ದಾ? ನಿಮ್ಮ ವೀಸಾ ಖಲಾಸ್."

"ನಿನ್ನ ತಮಾಷೆ ಸಾಕು. ಮಗನಿಗೋಸ್ಕರ ಇಟ್ಟದ್ದು ಎಂದು ಹೇಳು."

ಯಾವ ಹಡಗು ಎಂದು ಸಾಹೇಬರು ಕೇಳಿದರು. ತೋರಿಸಿದೆ. ಅವರು ಬಗ್ಗಿ ನೋಡಿ ಏನೋ ಹೇಳಿದರು. "ಅದು ಶತ್ರುವಿನದಂತೆ," ಅಬ್ಬಾಸ್ ಮೆಲ್ಲ ಹೇಳಿದ, "ಮುಳುಗುವುದು ಅದೇ ಅಂತೆ."

ನಾನು ಅಲ್ಲೇ ನೆಲದಲ್ಲಿ ಕೂತೆ. ಸಾಹೇಬರೂ ಎದುರಿಗೆ ನೆಲದಲ್ಲೇ ಕೂತರು ಉಮಾ. ಈ ಚಿತ್ರ ಬರೆದವರು ಯುದ್ಧ ಕಂಡವರಲ್ಲವಂತೆ, ಪೇಟೆಯಲ್ಲಿ ಕೂತು ಪೇಪರಿನ ಸುದ್ದಿ ಕೇಳಿ ಬರೆದದ್ದಂತೆ.

"ಹಾಗಾದ್ರೆ ನನ್ನ ಹಾಗೆಯೇ," ಎಂದೆ.

ಅಬ್ಬಾಸ್ ಅದನ್ನು ಹೇಳಿದಾಗ ಸಾಹೇಬರು ನನಗೆ ತಲೆ ಬಗ್ಗಿಸಿದರು. ಒಂದು ಮಾತೂ ಬೈಯಲಿಲ್ಲ. ಹಡಗಿನ ಕಂಪನಿಗೆ ತಾವೇ ಟೆಲೆಕ್ಸ್ ಕಳಿಸಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.

ಮಕ್ಕಳಿಗೆ ನನ್ನ ಮುದ್ದು. ದೇವರು ನಿಮ್ಮನ್ನೆಲ್ಲ ನೆಲದ ಮೇಲೆಯೇ ಇಟ್ಟಿರಲಿ.

ನಿನ್ನ
ಒಲಿಂಡಾ

ತಾ.ಕ.: ಇದು ನಿನಗೊಬ್ಬಳಿಗೆ. ಹಡಗು ಹತ್ತುವ ಹಿಂದಿನ ದಿನ ಅವನು ಫುಜೈರಾ ಬಂದರಿನಿಂದ ಫೋನು ಮಾಡಿದ್ದ. "ಅಮ್ಮಾ, ಈ ಸಲ ಹೋಗಲೋ ಬೇಡವೋ, ನೀನು ಹೇಳು" ಎಂದ. ನನ್ನ ಹೆದರಿಕೆ ಅವನಿಗೂ ಹಿಡಿಯುವುದು ಬೇಡ ಎಂದು, ಸ್ವರ ಗಟ್ಟಿ ಮಾಡಿ, "ಹೋಗು ಮಗಾ, ಏನಾಗುತ್ತದೆ" ಎಂದೆ. ಅವನು ಸ್ವಲ್ಪ ಹೊತ್ತು ಫೋನು ಇಡಲಿಲ್ಲ. ನಾನು ಬೇಡ ಎನ್ನಲಿ ಎಂದೇ ಅವನು ಕಾದದ್ದು.